ಅಡಿ ಹಾಕಿದ ಆಪೂಸು

ಮೇ ತಿಂಗಳಲ್ಲಿ ಕೆಲಗೇರಿ ಕಡೆಯ ತೋಟವೊಂದರಿಂದ ಧಾರವಾಡದ ನಮ್ಮ ಮನೆಗೆ ಆಪೂಸು ಮಾವಿನಕಾಯಿಯ ಪೆಟ್ಟಿಗೆಗಳು ಬಂದವು. ಆ ತೋಟದವರು ಕಾಯಿಯನ್ನು ಕೋಲಿನಿಂದ ಬಡಿಯದೆ, ಬಲೆ ಕಟ್ಟಿದ ಗಳದಿಂದ ತೊಟ್ಟಿನ ಸಮೇತ ಇಳಿಸುತ್ತಾರೆಂಬ ಕಾರಣಕ್ಕೇ ಅತ್ತೆಯವರು ಪ್ರತಿ ವರ್ಷ ಅಲ್ಲಿಂದ ತರಿಸುತ್ತಾರೆ. ತೊಟ್ಟು ಬುಡದಲ್ಲೇ ಮುರಿದರೆ ಚಿಮ್ಮುವ ಸೊನೆ ಸಿಪ್ಪೆಯನ್ನು ಸುಟ್ಟು ಕಪ್ಪು ಗೆರೆ ಮೂಡಿಸುತ್ತದೆ. ಕೊಳೆಯುವುದಕ್ಕೆ ಅದೇ ದಾರಿಯಾಗುತ್ತದೆ.

ಪೆಟ್ಟಿಗೆ ಬಿಚ್ಚಿದ ಕೂಡಲೇ ನಡುಮನೆಯಲ್ಲಿ ಕಾಯಿ ವಿಂಗಡಿಸುವ ಕೆಲಸ ಆರಂಭವಾಯಿತು. ಕಾಯಿ ಬಲಿತಿದೆಯೇ ಎಂಬುದನ್ನು ಬಣ್ಣ ನೋಡಿ ಹೇಳಲಾಗದು, ಬಿಸಿಲಿಗೆ ಮುಖ ಮಾಡಿದ ಎಳೆಗಾಯಿಯ ಕೆನ್ನೆಯೂ ಕೆಂಪೇರಿರಬಹುದು. ತೊಟ್ಟಿನ ಎರಡೂ ಬದಿಯ ಭುಜಗಳು ಉಬ್ಬಿ, ತೊಟ್ಟು ಸಣ್ಣ ಕುಳಿಯೊಳಗೆ ಕುಳಿತಂತೆ ಕಂಡರೆ ಅದು ಬಲಿತ ಕಾಯಿ. ಸಂಶಯ ಬಂದವನ್ನು ನಾನು ನೀರಿನ ಬಕೆಟ್ಟಿಗೆ ಹಾಕಿದೆ. ಬಲಿತ ಕಾಯಿಯಲ್ಲಿ ಪಿಷ್ಟ ತುಂಬಿರುವುದರಿಂದ ಅದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದವೆಲ್ಲ ಉಪ್ಪಿನಕಾಯಿಗೆ ಹೋದವು. ಅವನ್ನು ಎಷ್ಟು ದಿನ ಇಟ್ಟರೂ ಸಿಪ್ಪೆ ಸುಕ್ಕುಗಟ್ಟುತ್ತದೆಯೇ ಹೊರತು ರುಚಿ ಬರುವುದಿಲ್ಲ.

ಮುಳುಗಿದವನ್ನು ಒರೆಸಿ, ನೀರಿನ ಪಸೆ ಪೂರ್ತಿ ಹೋದ ಮೇಲೆ ಒಳಕೋಣೆಯಲ್ಲಿ ಭತ್ತದ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಒಂದೇ ಪದರಿನಲ್ಲಿ ಹಣ್ಣಾಗಲೆಂದು ಜೋಡಿಸಿ ಅಡಿ ಹಾಕಿದೆವು. ಮಾವು ತನ್ನನ್ನು ಮಾಗಿಸುವ ಎಥಿಲೀನ್ ಅನಿಲವನ್ನು ತಾನೇ ಬಿಡುತ್ತದೆ, ಹುಲ್ಲು ಕಾವನ್ನು ಹಿಡಿದಿಡುತ್ತದೆ. ಬಾಳೆಹಣ್ಣೂ ಅದೇ ಅನಿಲವನ್ನು ಬಿಡುವುದರಿಂದ ಅಲ್ಲಿ ತೂಗುಹಾಕಿದ್ದ ಗೊನೆಯನ್ನು ಪಡಸಾಲೆಗೆ ಸಾಗಿಸಿದೆವು. ಇಲ್ಲದಿದ್ದರೆ ಎಲ್ಲವೂ ಒಟ್ಟಿಗೇ ಹಣ್ಣಾಗಿ ತಿನ್ನುವವರಿಗೆ ಕಷ್ಟ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದರೂ ಪೇಟೆಯಲ್ಲಿ ಆ ಭಯ ತಪ್ಪಿಲ್ಲ. ತೇವ ತಗುಲಿದ ಕಾರ್ಬೈಡಿನಿಂದ ಹೊರಡುವ ಅಸಿಟಿಲೀನ್ ಎಳೆಗಾಯಿಯ ಸಿಪ್ಪೆಗೂ ಹಳದಿ ಬಣ್ಣ ತರಬಲ್ಲದು, ಆದರೆ ಒಳಗಿನ ಹುಳಿ ಹಾಗೆಯೇ ಉಳಿಯುತ್ತದೆ.

“ಹೆಬ್ಬೆಟ್ಟಿಲೆ ಒತ್ತಿ ನೋಡಬ್ಯಾಡವಾ, ತೊಟ್ಟಿನ ಹತ್ರ ಮೂಸಿ ನೋಡು” ಎಂದು ಅತ್ತೆಯವರು ಹೇಳಿದರು. ಒತ್ತಿದ ಜಾಗ ಆ ಹೊತ್ತಿಗೆ ಕಾಣದಿದ್ದರೂ ಮರುದಿನ ಕಂದುತ್ತದೆಯಾದ್ದರಿಂದ ಈ ಮಾತಿಗೆ ನನ್ನ ಒಪ್ಪಿಗೆಯಿದೆ. ಫ್ರಿಜ್ಜಿನ ಬಗೆಗೂ ನಮ್ಮಲ್ಲಿ ತಕರಾರಿಲ್ಲ: ಕಾಯಿಯನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿ ದಿನಗಟ್ಟಲೆ ಇಟ್ಟರೆ ಸಿಪ್ಪೆ ಕಳೆಗುಂದಿ ಕಲೆ ಬೀಳುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಮಾಗುವುದಿಲ್ಲ. ಪೂರ್ತಿ ಹಣ್ಣಾದದ್ದಕ್ಕೆ ಮಾತ್ರ ಅಲ್ಲಿ ಜಾಗ, ಅದೂ ಕೆಲವೇ ದಿನ.

ನಾವು ವಾದಿಸಿದ್ದು ತಿನ್ನುವ ಸರದಿಯ ಬಗ್ಗೆ. ಕೆಡಲು ಬಂದದ್ದನ್ನು ಮೊದಲು ಮುಗಿಸಬೇಕೆಂಬುದು ಅವರ ನಿಯಮ. ಹಾಗೆ ಮಾಡಿದರೆ ಇಂದು ಚೆನ್ನಾಗಿರುವುದು ನಾಳೆ ಕೆಡಲು ಬಂದು, ಸುಗ್ಗಿ ಮುಗಿಯುವವರೆಗೂ ನಾವು ಅರೆಕೊಳೆತದ್ದನ್ನೇ ತಿನ್ನುತ್ತಿರುತ್ತೇವೆ ಎಂಬುದು ನನ್ನ ವಾದ. ಮೆತ್ತಗಾದವುಗಳ ಒಳ್ಳೆಯ ಭಾಗವನ್ನಷ್ಟೇ ಕೊಯ್ದು, ರಸ ಹಿಂಡಿ ಫ್ರೀಜರಿಗೆ ಹಾಕಿ, ತಟ್ಟೆಗೆ ಆ ದಿನದ ಒಳ್ಳೆಯ ಹಣ್ಣನ್ನೇ ಬಡಿಸೋಣವೆಂದೆ. ಅವರು ಅರ್ಧ ಮನಸ್ಸಿನಿಂದ ಒಪ್ಪಿದರು.

ಇಷ್ಟೆಲ್ಲ ಮಾಡಿದರೂ ಆಪೂಸಿನ ಒಂದು ದೋಷ ಹೊರಗಿನಿಂದ ತಿಳಿಯುವುದಿಲ್ಲ. ಸಿಪ್ಪೆ ನಿರ್ಮಲವಾಗಿದ್ದು ಪರಿಮಳವಿದ್ದರೂ ಕೊಯ್ದಾಗ ಓಟೆಯ ಸುತ್ತ ಬೆಳ್ಳಗೆ ಸ್ಪಂಜಿನಂತಾದ ಹುಳಿ ತಿರುಳು ಸಿಗಬಹುದು. ಆದ್ದರಿಂದ ನೆಂಟರು ಬರುವ ದಿನ ಸೀಕರಣೆಗೆ ಬೇಕಾದ್ದಕ್ಕಿಂತ ನಾಲ್ಕು ಹಣ್ಣು ಹೆಚ್ಚಿಗೆ ತೆಗೆದಿಟ್ಟು, ಹೋಳಿಗೆಗೆ ಹೂರಣ ರುಬ್ಬುವ ಮೊದಲೇ ಎಲ್ಲವನ್ನೂ ಕೊಯ್ದು ನೋಡಿಕೊಳ್ಳುತ್ತೇವೆ.