ಬಿಳಿ ನಾಲ್ಕರ ದುರ್ಯೋಧನ

ಮೊನ್ನೆ ಗುರುವಾರ ರಾತ್ರಿ ನಮ್ಮ ಬಳ್ಳಾರಿ ಕೌಲ್ ಬಜಾರಿನ ಒಂದು ಸಣ್ಣ ಬಾರಿನಲ್ಲಿ ಮೊಟ್ಟೆ ಬುರ್ಜಿ ಮಾಡುವವನು ದುರ್ಯೋಧನನ ಪದ್ಯ ಹಾಡಿದ. ಹಸಿಯಾಗಿರುವಾಗಲೇ ಬರೆದಿಡಬೇಕು ಅಂತ ಕೂತಿದ್ದೇನೆ.

ಬಾರ್ ಅಂದರೆ ಮುಂದೊಂದು ಕೌಂಟರ್, ಹಿಂದೆ ತಗಡಿನ ಶೆಡ್ಡು, ಒಂದಷ್ಟು ಪ್ಲಾಸ್ಟಿಕ್ ಟೇಬಲ್ಲು. ಜೀನ್ಸ್ ಯೂನಿಟ್‌ಗಳು ಬಿಟ್ಟ ಮೇಲೆ ಟೈಲರ್‌ಗಳು, ವಾಷಿಂಗಿನ ಹುಡುಗರು ಬರ್ತಾರೆ. ಎಷ್ಟು ತೊಳೆದರೂ ಅವರ ಉಗುರಿನ ನೀಲಿ ಹೋಗಲ್ಲ. ನಾನು ಅಂಥದೇ ಒಂದು ಯೂನಿಟ್ಟಿನಲ್ಲಿ ಲೆಕ್ಕ ಬರೆಯುವವನು.

ಎಂಟೂವರೆ ಹೊತ್ತಿಗೆ ವಯಸ್ಸಾದವರಿಬ್ಬರು ಬಂದರು. ಒಬ್ಬರ ತೋಳಲ್ಲಿ ಬೆಡ್‌ಶೀಟ್ ಸುತ್ತಿದ ಪೆಟ್ಟಿಗೆ. ಸಿರುಗುಪ್ಪ ಕಡೆಯ ನಾಟಕದ ಮೇಷ್ಟ್ರಂತೆ. ಹಾರ್ಮೋನಿಯಂ ತಿದಿಯಲ್ಲಿ ಗಾಳಿ ಸೋರುತ್ತಿತ್ತು, ರಿಪೇರಿ ಮಾಡಿಸಿಕೊಂಡು ಹೊರಟಿದ್ದರು. 'ಬಿಚ್ರಿ ಮೇಷ್ಟ್ರೇ, ಒಂದು ಬಾರಿಸ್ರಿ' ಅಂತ ಪಕ್ಕದವರು ಗಂಟುಬಿದ್ದರು. ಮೇಷ್ಟ್ರು ಮೊದಲು ಟೇಬಲ್ ಒರೆಸೋಕೆ ಹೇಳಿದರು. ಒಣಗಿದ ಮೇಲೆ ಪೆಟ್ಟಿಗೆ ಇಟ್ಟರು. ಯಾರೋ ಹಳೆಯ ಸಿನಿಮಾ ಹಾಡು ಕೇಳಿದರು, ಅದನ್ನೂ ಪ್ರೀತಿಯಿಂದಲೇ ನುಡಿಸಿದರು. ಟಿವಿಯ ದನಿ ತಾನಾಗೇ ಇಳಿಯಿತು.

ಆಗ ಒಳಗಿಂದ ಬುರ್ಜಿಯವನು ಕೈ ಒರೆಸಿಕೊಳ್ಳುತ್ತ ಬಂದು, 'ಬಿಳಿ ನಾಕು ಕೊಡ್ರಿ' ಅಂದ.

ಮೇಷ್ಟ್ರು ತಲೆ ಎತ್ತಿ ನೋಡಿದರು. ಗೊತ್ತಿಲ್ಲದವರಿಗೆ ಹೇಳಬೇಕು: ನಾಟಕದವರು ಶ್ರುತಿಯನ್ನು ಹಾರ್ಮೋನಿಯಂ ಮನೆಗಳ, ಅಂದರೆ ಬೆರಳಲ್ಲಿ ಒತ್ತುವ ಕೀಗಳ, ಬಣ್ಣ ಎಣಿಸಿ ಹೇಳ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ಬಿಳಿ ಒಂದೋ ಕರಿ ಒಂದೋ ಸಾಕು. ಬಿಳಿ ನಾಲ್ಕು ಬಹಳ ಎತ್ತರ. ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯಲ್ಲಿ ಚಾಪೆ ಹಾಸಿ ಕೂತವನಿಗೂ ಮಾತು ಕೇಳಬೇಕಿತ್ತು, ಆ ಎತ್ತರ ಅಲ್ಲಿಂದ ಬಂದದ್ದು. ಸುಮ್ಮನೆ ಕೇಳುವ ಶ್ರುತಿಯಲ್ಲ ಅದು.

ಬುರ್ಜಿಯವನು ಕೃಷ್ಣ ರಾಯಭಾರದ ದೃಶ್ಯದ ತೆಲುಗು ಪದ್ಯ ಎತ್ತಿದ. ಬಳ್ಳಾರಿಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲ್ಲ. ಬಳ್ಳಾರಿ ರಾಘವರು (1880–1946) ಕನ್ನಡ, ತೆಲುಗು ಎರಡೂ ಭಾಷೆಯ ರಂಗದಲ್ಲಿ ಮೆರೆದವರು, ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎರಡೂ ಭಾಷೆಯ ನಾಟಕ ನಡೆಯುತ್ತವೆ. ಪದ್ಯಕ್ಕೆ ತಾಳ ಇರಲ್ಲ. ಸಾಹಿತ್ಯ ಮುಗಿದ ಜಾಗದಿಂದ ರಾಗ ಹಿಡಿದು ಉಸಿರು ಇರುವಷ್ಟೂ ಮೇಲೆ ಹೋಗಬೇಕು. ಹಾರ್ಮೋನಿಯಂ ಹಿಂದೆಯೇ ಬರಬೇಕು, ಆದರೆ ಮುಂದಿನ ಸ್ವರ ಯಾವುದು ಅಂತ ಮೊದಲೇ ಗೊತ್ತಿರಬೇಕು. ಮೇಷ್ಟ್ರು ಅವನ ಬಾಯಿಯನ್ನೇ ನೋಡುತ್ತಿದ್ದರು. ಮನೆಗಳ ಕಡೆ ಒಮ್ಮೆಯೂ ನೋಡಲಿಲ್ಲ. ತಾರ ಷಡ್ಜದಲ್ಲಿ, ಅಂದರೆ ಮೇಲಿನ 'ಸ'ದಲ್ಲಿ, ಅವನು ನಿಂತಾಗ ಮೇಲಿನ ತಗಡು ಗುಂಯ್ ಅಂತು. ನನ್ನ ಮೈ ಜುಂ ಅಂದದ್ದು ನಿಜ, ಆ ಸಂಜೆ ನಾನು ಸೋಡಾ ಬಿಟ್ಟು ಬೇರೇನೂ ಕುಡಿದಿರಲಿಲ್ಲ.

1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಸ್ವರದಿಂದ ಸ್ವರಕ್ಕೆ ಜಾರಲು ಇದಕ್ಕೆ ಬರಲ್ಲ ಅನ್ನೋದು ಒಂದು ಮುಖ್ಯ ದೂರು. 1971ರ ಹೊತ್ತಿಗೆ ನಿಷೇಧ ಸ್ವಲ್ಪ ಸಡಿಲವಾಯಿತು. ಅಷ್ಟೂ ವರ್ಷ ಇದನ್ನು ಎದೆಗವಚಿಕೊಂಡವು ನಾಟಕ ಕಂಪನಿಗಳು. ದೂರೇನೋ ಸರಿಯೇ. ಆದರೆ ಜಾರುವುದು ಹಾಡುವವನ ಗಂಟಲಿನ ಕೆಲಸ. ಅವನು ಬಂದು ನಿಲ್ಲುವ ನೆಲ ಅಲ್ಲಾಡದಂತೆ ಇಡೋದು ಪೆಟ್ಟಿಗೆಯ ಕೆಲಸ. ನಾನು ಅವತ್ತು ಎರಡು ಮೊಳ ದೂರದಿಂದ ಕಂಡದ್ದು ಇದನ್ನೇ. ಈಗ ಹಳ್ಳಿ ನಾಟಕಗಳಿಗೂ ಕೀಬೋರ್ಡು, ರಿದಮ್ ಪ್ಯಾಡು ಬಂದಿವೆ. ಅವುಗಳ ಗದ್ದಲದಲ್ಲಿ ಹಾಡುವವನ ಉಸಿರು ಕೇಳಲ್ಲ, ಆ ಉಸಿರು ಕೇಳದಿದ್ದರೆ ಪದ್ಯ ಅರ್ಧ ಹೋದಂತೆ.

'ಒನ್ಸ್ ಮೋರ್' ಬಿತ್ತು. ರಂಗಗೀತೆಗೆ ನಮ್ಮೂರಿನ ದೊಡ್ಡ ಹೆಸರು ಸುಭದ್ರಮ್ಮ ಮನ್ಸೂರ್. 2020ರಲ್ಲಿ ಅವರು ಹೋದ ಮೇಲೆ ಅಷ್ಟು ಮನಸಾರೆ ಕೂಗಿದ ಒನ್ಸ್ ಮೋರ್ ನಾನು ರಾಘವ ಕಲಾಮಂದಿರದಲ್ಲೂ ಕೇಳಿಲ್ಲ. ಅವನು ಮತ್ತೆ ಹಾಡಿದ. ಎರಡನೇ ಸಲ ರಾಗವನ್ನು ಇನ್ನೊಂದು ದಾರಿಯಲ್ಲಿ ಇಳಿಸಿದ, ಮೇಷ್ಟ್ರು 'ಆಹಾ' ಅಂದರು.

'ಯಾರು ಕಲಿಸಿದ್ದು?' ಅಂತ ಮೇಷ್ಟ್ರು ಕೇಳಿದಾಗ ಒಬ್ಬರ ಹೆಸರು ಹೇಳಿದ. ಮೇಷ್ಟ್ರು ಕೈ ಮುಗಿದರು: 'ಅವ್ರು ನನಗೂ ಗುರುಗಳೇ. ಸುಗ್ಗಿ ಮುಗಿದ್ಮೇಲೆ ನಮ್ಮೂರಾಗ ತಾಲೀಮು ಶುರು ಆಗ್ತೈತೆ, ದುರ್ಯೋಧನನ ಪಾತ್ರ ಖಾಲಿ ಐತೆ. ರಾತ್ರಿ ಬರ್ತೀಯೇನಪ್ಪಾ?' ಇವನು ಕೌಂಟರಿನ ಕಡೆ ತಿರುಗಿ ನೋಡಿದ. ಓನರ್ ಬಿಲ್ ಬರೆಯುತ್ತಲೇ, 'ಹೋಗಲೇ, ಹತ್ತರ ಮೇಲೆ ನಾನು ನೋಡ್ಕೊಂತೀನಿ' ಅಂದ. ನಾನೂ ಮೇಷ್ಟ್ರ ನಂಬರ್ ಬರೆದುಕೊಂಡಿದ್ದೇನೆ.