ಎಸಿಎಸ್ ಸರ್ವರ್ ಹೇಳುವ ವಿಳಾಸ

ಮಂಗಳವಾರ, 11 ಮಾರ್ಚ್ 2025

ದೂರದ ಶಾಖೆಯೊಂದರ ಬಳಕೆದಾರರಿಗೆ ದೊಡ್ಡ ನಕ್ಷೆಗಳು ಬೇಗ ತೆರೆದುಕೊಳ್ಳಲೆಂದು ಇಂದು ದಾಖಲೆಗಳನ್ನು ನಿರ್ವಹಿಸುವ ಡಾಕ್ಯುಮೆಂಟಮ್ ವ್ಯವಸ್ಥೆಯ ಎಸಿಎಸ್ (ಆಕ್ಸಿಲರೇಟೆಡ್ ಕಂಟೆಂಟ್ ಸರ್ವಿಸಸ್) ಸರ್ವರನ್ನು ಕಾನ್ಫಿಗರ್ ಮಾಡಿದೆ. ಈ ಸರ್ವರ್ ಫೈಲಿನ ಕುರಿತ ವಿವರಗಳಾದ ಮೆಟಾಡೇಟಾವನ್ನು ಮುಟ್ಟುವುದಿಲ್ಲ. ಹೆಸರು, ಆವೃತ್ತಿ, ಅನುಮತಿಗಳೆಲ್ಲ ವ್ಯವಸ್ಥೆಯ ಮುಖ್ಯ ಸರ್ವರಾದ ಕಂಟೆಂಟ್ ಸರ್ವರಿನ ಪಾಲಿಗೇ ಉಳಿದು, ಫೈಲನ್ನು ಸಾಗಿಸುವುದಷ್ಟೇ ಇದರ ಕೆಲಸವಾಗಿರುತ್ತದೆ.

ಇದನ್ನು ಸ್ಥಾಪಿಸುವುದು ಕಷ್ಟವಲ್ಲ, ಏಕೆಂದರೆ ಕಂಟೆಂಟ್ ಸರ್ವರಿನ ಜೊತೆಗೇ ಅದು ಬಂದಿರುತ್ತದೆ ಮತ್ತು ಸಾಮಾನ್ಯವಾಗಿ 9080ನೆಯ ಪೋರ್ಟಿನಲ್ಲಿ ಓಡುತ್ತಿರುತ್ತದೆ. ಗಮನ ಬೇಡುವುದು ಅದನ್ನು ತಲುಪುವ ಮೂಲ ವಿಳಾಸವಾದ ಬೇಸ್ ಯುಆರ್‌ಎಲ್. ಬಳಕೆದಾರರು ಫೈಲನ್ನು ಕೇಳಿದಾಗ ವ್ಯವಸ್ಥೆಯು ಈ ಯುಆರ್‌ಎಲ್ಲಿನ ಆಧಾರದ ಮೇಲೆ ಡಿಜಿಟಲ್ ಸಹಿಯುಳ್ಳ ಕೊಂಡಿಯೊಂದನ್ನು ರಚಿಸಿ ಕೊಡುತ್ತದೆ. ಆ ಕೊಂಡಿಯನ್ನು ಹಿಡಿದು ಎಸಿಎಸ್ ಬಾಗಿಲು ತಟ್ಟುವುದು ಬಳಕೆದಾರರ ಯಂತ್ರವೇ ಹೊರತು ಅಪ್ಲಿಕೇಶನ್ ಸರ್ವರ್ ಅಲ್ಲ. ಹಾಗಾಗಿ ಅಲ್ಲಿ ಸರ್ವರಿನ ಚಿಕ್ಕ ಹೆಸರನ್ನು ಬರೆದರೆ ಸರ್ವರ್ ಕೋಣೆಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಶಾಖೆಯ ಡಿಎನ್‌ಎಸ್ ಆ ಹೆಸರನ್ನು ಗುರುತಿಸದೆ ಕೈಚೆಲ್ಲುತ್ತದೆ. ಡೊಮೇನ್ ಸಹಿತವಾದ ಪೂರ್ಣ ಹೆಸರನ್ನು ಬರೆದು, ವೆಬ್ ಅಪ್ಲಿಕೇಶನ್ ಎಚ್‌ಟಿಟಿಪಿಎಸ್ ಬಳಸುತ್ತಿರುವುದರಿಂದ ಇದನ್ನೂ ಅದಕ್ಕೇ ಹೊಂದಿಸಿದೆ. ಸರ್ವರಿನ ಮೇಲೆಯೇ ಬ್ರೌಸರ್ ತೆರೆದು, ಎಸಿಎಸ್ ಓಡುತ್ತಿದೆಯೆಂಬ ಸಾಲನ್ನು ಕಂಡು ತೃಪ್ತರಾಗುವ ಪರಿಪಾಠದ ಬಗ್ಗೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಪರೀಕ್ಷೆ ಶಾಖೆಯ ಯಂತ್ರದಿಂದಲೇ ನಡೆಯಬೇಕು. ಕೊಂಡಿಗೆ ಅವಧಿಯೂ ಇರುವುದರಿಂದ ಸರ್ವರುಗಳ ಗಡಿಯಾರಗಳು ಒಂದೇ ಸಮಯವನ್ನು ತೋರಿಸುತ್ತಿವೆಯೇ ಎಂಬುದನ್ನೂ ನೋಡಿಕೊಂಡೆ.

ಮುಂದಿನದು ನೆಟ್‌ವರ್ಕ್ ಲೊಕೇಶನ್. ಬಳಕೆದಾರರು ಎಲ್ಲಿದ್ದಾರೆಂದು ವ್ಯವಸ್ಥೆಗೆ ತಿಳಿಸುವ ಈ ನಮೂದು, ಎಲ್ಲ ರೆಪಾಸಿಟರಿಗಳಿಗೂ (ದಾಖಲೆ ಭಂಡಾರಗಳಿಗೂ) ಸಾಮಾನ್ಯವಾದ ಮಾಹಿತಿಯನ್ನು ಇಡುವ ಗ್ಲೋಬಲ್ ರಿಜಿಸ್ಟ್ರಿ ಆಗಿರುವ ರೆಪಾಸಿಟರಿಯಲ್ಲಿ ಇರುತ್ತದೆ. ಶಾಖೆಯ ಐಪಿ ವಿಳಾಸಗಳ ವ್ಯಾಪ್ತಿಯನ್ನು ಅಲ್ಲಿ ನಮೂದಿಸಿ, ಎಸಿಎಸ್‌ನಿಂದ ಆ ಸ್ಥಳಕ್ಕಿರುವ ಪ್ರಾಕ್ಸಿಮಿಟಿ ಸಂಖ್ಯೆಯನ್ನು ಕೊಟ್ಟೆ. ಸಂಖ್ಯೆ ಚಿಕ್ಕದಾದಷ್ಟೂ ಸರ್ವರ್ ಹತ್ತಿರವಿದೆ ಎಂದರ್ಥ. ಪ್ರೊಜೆಕ್ಷನ್ ಎನ್ನುವ ಈ ಜೋಡಣೆ ತಪ್ಪಿದರೆ ದೋಷ ಬೇಗ ಬೆಳಕಿಗೆ ಬರುವುದಿಲ್ಲ. ಫೈಲು ಅಪ್ಲಿಕೇಶನ್ ಸರ್ವರಿನ ಹಳೆಯ ದಾರಿಯಲ್ಲೇ ಸುತ್ತಿ ಬಂದು ತಲುಪುತ್ತದೆ, ಆದ್ದರಿಂದ ಯಾರೂ ದೂರುವುದಿಲ್ಲ, ನಿಧಾನವೆಂದು ಗೊಣಗುತ್ತಾರೆ ಅಷ್ಟೇ. ಫೈಲು ನಿಜವಾಗಿ ಯಾವ ದಾರಿಯಲ್ಲಿ ಬಂತೆಂಬುದನ್ನು ಎಸಿಎಸ್ ಲಾಗ್ ನೋಡಿಯೇ ಖಚಿತಪಡಿಸಿಕೊಂಡೆ.

ಎರಡನೆಯ ರೆಪಾಸಿಟರಿಯನ್ನೂ ಇದೇ ಎಸಿಎಸ್‌ಗೆ ಸೇರಿಸಲು ಪ್ರಾಪರ್ಟೀಸ್ ಫೈಲಿನಲ್ಲಿ ಅದರ ಹೆಸರನ್ನು ಬರೆದು ಸರ್ವರನ್ನು ಮರುಪ್ರಾರಂಭಿಸಿದೆ.

ಶಾಖೆಯಲ್ಲೇ ಪ್ರತಿಗಳನ್ನು ಇಟ್ಟುಕೊಳ್ಳುವ ಬಿಒಸಿಎಸ್ ಎಂಬ ಕ್ಯಾಶ್ ಸರ್ವರನ್ನು ಈ ವಾರ ಸೇರಿಸಬೇಕಾಗಿದೆ. ಅದರ ಅಸಿಂಕ್ರನಸ್ ಬರವಣಿಗೆಯನ್ನು ಮಾತ್ರ ಸದ್ಯಕ್ಕೆ ಮುಚ್ಚಿಡುತ್ತೇನೆ. ಆ ವಿಧಾನದಲ್ಲಿ ಫೈಲು ಮೊದಲು ಶಾಖೆಯಲ್ಲೇ ಉಳಿದು ಆಮೇಲೆ ರೆಪಾಸಿಟರಿಗೆ ಸಾಗುತ್ತದೆ. ಅಂದೇ ಬೇರೆ ಕಚೇರಿಯ ಒಪ್ಪಿಗೆ ಪಡೆಯಬೇಕಾದ ನಕ್ಷೆಗಳಿಗೆ ಅಷ್ಟು ಕಾಯುವ ಅವಕಾಶವಿಲ್ಲ.