ಸದ್ದಿನ ಮೂಲ

ಲಕ್ಷಗಟ್ಟಲೆ ಕಿಲೋಮೀಟರ್ ದುಡಿದ ನಮ್ಮ ಲಾರಿಯ ಡೀಸೆಲ್ ಎಂಜಿನ್ ಈಗ ಟಕ್ ಟಕ್ ಎನ್ನುತ್ತಿದೆ. ಬಿಚ್ಚುವ ಮೊದಲು ತಾಳ್ಮೆಯಿಂದ ಕಿವಿಗೊಡುವುದು ಅದಕ್ಕೆ ನಾವು ಸಲ್ಲಿಸಬೇಕಾದ ಗೌರವವೆಂದು ನಾನು ಭಾವಿಸುತ್ತೇನೆ. ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ, ಸಡಿಲಗೊಂಡ ಟ್ಯಾಪೆಟ್‌ನ (ಕವಾಟವನ್ನು ತಳ್ಳುವ ಭಾಗ) ಸದ್ದು ಕ್ರ್ಯಾಂಕ್‌ಶಾಫ್ಟ್‌ನ ಎರಡು ಸುತ್ತಿಗೊಮ್ಮೆ, ಹಗುರವಾಗಿ, ಮೇಲಿನ ಕವರ್‌ನ ಬಳಿ ಕೇಳಿಸುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಸವೆದ ಬೇರಿಂಗ್‌ನ ಬಡಿತವಾದರೋ ಕೆಳಗಿನಿಂದ, ಭಾರವಾಗಿ ಬಂದು, ಲೋಡ್ ಬಿದ್ದಂತೆ ಜೋರಾಗುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪ್ ಇರುವುದರಿಂದ ಮೇಸ್ತ್ರಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಪೈಪಿನ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸಿ ನೋಡಿದರು; ಹೀಗೆ ಒಂದು ಸಿಲಿಂಡರಿಗೆ ಡೀಸೆಲ್ ನಿಂತಾಗ ಸದ್ದು ತಗ್ಗಿದರೆ, ಅಲ್ಲಿನ ಬೇರಿಂಗ್ ಅಥವಾ ಇಂಜೆಕ್ಟರ್ ಮೇಲೆ ಅನುಮಾನ. (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಇದನ್ನು ಎಂದಿಗೂ ಮಾಡಬಾರದು, ಅಲ್ಲಿನ ಒತ್ತಡ 1000 ಬಾರ್ ಮೀರಬಲ್ಲದು, ಚಿಮ್ಮಿದ ಡೀಸೆಲ್ ಚರ್ಮವನ್ನೇ ಸೀಳುತ್ತದೆ.) ನಮ್ಮ ಎಂಜಿನ್ನಿನ ಸದ್ದು ಬದಲಾಗಲಿಲ್ಲ. ಬೇರಿಂಗ್ ಸವೆದಿದ್ದರೆ ಕುಸಿಯಬಹುದಾಗಿದ್ದ ಆಯಿಲ್ ಒತ್ತಡವೂ ಸರಿಯಿದೆ. ಹಾಗಾಗಿ ಅನುಮಾನ ಟ್ಯಾಪೆಟ್ ಮೇಲೆ. ಆದ್ದರಿಂದ ನಾಳೆ ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್‌ನಿಂದ (ಸಣ್ಣ ಸಂದುಗಳನ್ನು ಅಳೆಯುವ ತೆಳು ಲೋಹದ ಪಟ್ಟಿಗಳು) ಟ್ಯಾಪೆಟ್ ಅಂತರ ಅಳೆದು, ಕವಾಟವನ್ನು ಒತ್ತುವ ಸನ್ನೆಗಳಾದ ರಾಕರ್ ಆರ್ಮ್‌ಗಳ ಸವೆತವನ್ನೂ ಪರೀಕ್ಷಿಸಲಿದ್ದೇವೆ.